ಅತ್ತಿಯವರ ಹಾಡು, ಹಳೇ ಕಂಪ್ಯೂಟರಿನ ತಾಳ

"ಮಗಾ ಪುಣೇದಾಗ ಗಳಸ್ಲಿಕತ್ತಾನ, ಒಂದ ಹೊಸಾ ಲ್ಯಾಪ್‌ಟಾಪ್ ಕೊಡಸು ಅನ್ನೋದ ಬಿಟ್ಟು ಆ ಹಳೇ ಡಬ್ಬಿ ಬಿಚ್ಚಿಕೊಂಡ ಯಾಕ ಕೂತಿದ್ದಿ?" ಅಂತ ಮೌಶಿಯಿಂದ ಹಿಡದು ಬಾಜೂ ಮನಿ ವೈನಿ ತನಕಾ ಎಲ್ಲಾರೂ ಕೇಳಿದ್ರಿ. ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳಿ ಮುಗಿಯೋ ಕಥಿ ಅಲ್ಲ ಇದು. ಹಿಂಗಾಗಿ ಒಮ್ಮೆಲೇ ಬರದು ಹಾಕ್ಲಿಕತ್ತೇನಿ.

ನಮ್ಮ ಅತ್ತಿಯವರಿಗೆ ಈಗ 86 ನಡದದ. ಅವರು, ಅವರ ಅಕ್ಕ ಇಬ್ಬರೂ ಕೂಡಿ ಹಾಡಿದ್ದ 7 ಕ್ಯಾಸೆಟ್ ನಮ್ಮ ಟ್ರಂಕಿನ್ಯಾಗ ಇದ್ವು. ಬೀಸೋ ಪದ, ಹಸೆಗೆ ಕರಿಯೋ ಹಾಡು, ಉರುಟಣಿ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಎಲ್ಲಾ ಅದರಾಗ ಅವ. 1991ರಾಗ ನಮ್ಮ ನಾದಿನಿ ಮದವಿ ಮುಂದ ಮನ್ಯಾಗ ಕೂತು ತುಂಬಿಸಿದ್ದು. ಹಿಂದ ಕುಕ್ಕರ್ ಸೀಟಿ, ಯಾರೋ ಕೂಸು ಅಳೋದು, ಫ್ಯಾನಿನ ಬರ್ರ್ ಅನ್ನೋ ಸಪ್ಪಳ ಎಲ್ಲಾ ಸೇರೇದ. ಅತ್ತಿಯವರ ಅಕ್ಕ ತೀರಿಕೊಂಡು 14 ವರ್ಷ ಆತು. ಅರ್ಧಕ್ಕರ್ಧ ಹಾಡಿನ ಪೂರಾ ನುಡಿ ಈಗ ಬರೋದು ಅತ್ತಿಯವರೊಬ್ಬರಿಗೇ. ಟೇಪಿನ್ಯಾಗ ಎಲ್ಲೆ ನುಡಿ ನುಂಗೇದೋ ಅಲ್ಲೆ "ಹಂಗಲ್ಲ, ಹಿಂಗ" ಅಂತ ತಿದ್ದಿ ಬರಸೋವ್ರು ಬ್ಯಾರೆ ಯಾರೂ ಉಳದಿಲ್ಲ. ಅವರಿಗೂ ಮುಂಜಾನೆ 10ರಿಂದ 11ರ ತನಕಾ ಅಷ್ಟ ತಲಿ ಛೊಲೋ ಓಡ್ತದ. ಆಮ್ಯಾಲ ದಣೀತಾರ, ಒಂದ ನುಡಿ ಇನ್ನೊಂದರಾಗ ಕೂಡಸ್ತಾರ.

ಕಂಪ್ಯೂಟರ್ ನಾವು 2008ರಾಗ ತೊಗೊಂಡಿದ್ದು. ಪೆಂಟಿಯಂ ಡ್ಯುಯಲ್ ಕೋರ್ ಇ2160 ಅನ್ನೋ ಪ್ರೊಸೆಸರು, 1.8 ಗಿಗಾಹರ್ಟ್ಸ್. ನಾ ಅದರಾಗ ಮುಂಜಿವಿ, ಮದವಿ ಪತ್ರಿಕಾ ಟೈಪ್ ಮಾಡಿ ಕೊಡ್ತಿದ್ದೆ, ನಿಮ್ಮೊಳಗ ಭಾಳ ಮಂದಿದೂ ಮಾಡಿ ಕೊಟ್ಟೇನಿ. ಅದರ ಹಿಂಬದಿಗೆ ನೀಲಿ ಬಣ್ಣದ ಒಂದ ತೂತದ, ಲೈನ್ ಇನ್ ಅಂತಾರ. ಟೇಪ್ ರೆಕಾರ್ಡರಿನ ವಾಯರು ಸೀದಾ ಅದರಾಗ ಹಾಕಿದ್ರ ಹಾಡು ಒಳಗ ಬರತದ. ಮಗನ ಲ್ಯಾಪ್‌ಟಾಪಿಗೆ ಆ ತೂತ ಇಲ್ಲ, ಇಯರ್‌ಫೋನಿಂದು ಒಂದ ಅದ. ಅದಕ್ಕ ಮತ್ತೊಂದ ಡಬ್ಬಿ ಕೊಳ್ಳಬೇಕು. ಹೊಸಾದ ಬ್ಯಾಡ ಅಂದದ್ದಕ್ಕ ಮೊದಲನೇ ಕಾರಣ ಇದು. ಎರಡನೇದು, ಹಳೇ ನುಡಿ ಅಕ್ಷರದಾಗ ನಾ ಬರದಿಟ್ಟ ಹಾಡಿನ ಫೈಲೆಲ್ಲಾ ಅದರಾಗ ಸರಿಯಾಗಿ ತೆರೀತಾವ. ಯೂನಿಕೋಡಿಗೆ ತಿರುವಿದ್ರ ಒತ್ತಕ್ಷರ ಒಂದೊಂದ ಕೂತು ನೋಡಬೇಕಾಗ್ತದ.

ಇನ್ನ ತ್ರಾಸ ಏನಂದ್ರ ವೇಳೆ. 45 ನಿಮಿಷದ ಒಂದ ಮಗ್ಗಲಿನ ಗರಗರ ಸಪ್ಪಳ ತೆಗದು, ಆಮ್ಯಾಲ ಎಂಪಿ3 ಮಾಡ್ಲಿಕ್ಕೆ ನಮ್ಮ ಕಂಪ್ಯೂಟರ್ 11 ನಿಮಿಷ ತೊಗೋತಿತ್ತು. 11 ನಿಮಿಷ ಏನ ಮಹಾ ಅಂತೀರಿ? ಒಂದ ಸಲಕ್ಕ ಮುಗದ್ರ ಯಾರ ಕೇಳ್ತಿದ್ರು! ಸಪ್ಪಳ ಜಾಸ್ತಿ ತೆಗದ್ರ ಧ್ವನಿ ನೀರಾಗ ಕೂತು ಹಾಡಿಧಂಗ ಆಗ್ತದ. ಮೊದಲನೇ ಸಲ ಕೇಳಿಸಿದಾಗ ಅತ್ತಿಯವರು ಕಿವಿಯಿಂದ ಹೆಡ್‌ಫೋನ್ ತಗದು ಇಟ್ರು. "ಇದು ನಮ್ಮಕ್ಕನ ಧ್ವನಿ ಅಲ್ಲ" ಅಂದ್ರು. ಅಷ್ಟ. ಮತ್ತ ಕಡಿಮಿ ಇಟ್ಟು ಮಾಡು, ಮತ್ತ ಕೇಳಸು, ಮತ್ತ 11 ನಿಮಿಷ. ಮೂರನೇ ಸಲ ಆಗೋದ್ರಾಗ ಅವರು ಕುರ್ಚಿದಾಗ ನಿದ್ದಿ ಹೋಗಿರ್ತಿದ್ರು. ಆ ದಿವಸದ ಒಂದ ತಾಸು ಹಂಗ ಹೋತು.

ನಮ್ಮ ಭಾವನ ಮಗಳು ಪಾಲಿಟೆಕ್ನಿಕ್‌ನ್ಯಾಗ ಡಿಪ್ಲೊಮಾ ಎರಡನೇ ವರ್ಷ. ಸಂಕ್ರಾಂತಿಗೆ ಬಂದಾಗ ಇದನ್ನ ನೋಡಿ, "ಕಾಕು, ಪ್ರೊಸೆಸರ್ ಬದಲಸೋಣು. ಅದಕ್ಕಿಂತ ಮೊದಲ ಇದನ್ನ ಓವರ್‌ಕ್ಲಾಕ್ ಮಾಡಿ ನೋಡೋಣು, ಒಂದ ರೂಪಾಯಿ ಖರ್ಚಿಲ್ಲ" ಅಂದ್ಲು.

ಓವರ್‌ಕ್ಲಾಕ್ ಅಂದ್ರ ಏನು ಅನ್ನೋದನ್ನ ಅಕಿ ಅಜ್ಜಿಗೆ ಹೇಳಿದ ಪರಿ ಭಾಳ ಛೊಲೋ ಇತ್ತು. ಪ್ರೊಸೆಸರ್ ಒಂದ ತಾಳಕ್ಕ ಕೆಲಸಾ ಮಾಡ್ತದಂತ. ಮದರ್‌ಬೋರ್ಡ್ ಸೆಕೆಂಡಿಗೆ 20 ಕೋಟಿ ಸಲ ತಾಳ ಹಾಕ್ತದ. ಪ್ರೊಸೆಸರ್ ಆ ಒಂದೊಂದ ತಾಳಕ್ಕ 9 ಪೆಟ್ಟು ಹೊಡೀತದ. 20ಕ್ಕ 9 ಗುಣಿಸಿದ್ರ 180 ಕೋಟಿ, ಅದ 1.8 ಗಿಗಾಹರ್ಟ್ಸ್. ಆ 9ನ್ನ ಕಂಪನಿ ಕೀಲಿ ಹಾಕಿ ಇಟ್ಟದ, ಏರಿಸ್ಲಿಕ್ಕೆ ಬರಂಗಿಲ್ಲ. ಆದರ ಕೆಳಗಿನ ತಾಳ ಏರಿಸ್ಲಿಕ್ಕೆ ಬರತದ. 20 ಕೋಟಿ ಇದ್ದದ್ದು 26.6 ಕೋಟಿ ಮಾಡಿದ್ರ ಪೆಟ್ಟು ಸುಮಾರು 240 ಕೋಟಿ ಆಗ್ತಾವ, 2.4 ಗಿಗಾಹರ್ಟ್ಸ್.

ಅತ್ತಿಯವರು ಪಟ್ಟನ ಕೇಳಿದ್ರು, "ಲಯ ಏರಿಸಿದ್ರ ಉಸರು ಸಾಲಬೇಕಲ್ಲಾ? ನಡಕ ನುಡಿ ನುಂಗ್ತದ."

ಹುಡುಗಿ ನಕ್ಕು, "ಅಜ್ಜಿ, ಇಡೀ ಪಾಠ ನೀನ ಹೇಳಿಬಿಟ್ಟಿ ನೋಡು" ಅಂದ್ಲು.

ಹಂಗಾದ್ರ ಕಂಪನಿಯವರು ಮೊದಲ ಯಾಕ ಜೋರ ಓಡಸಂಗಿಲ್ಲ ಅಂತ ನನಗ ಸಂಶೆ ಬಂತು. ಅದಕ್ಕ ಉತ್ತರ ನಮ್ಮ ಹಪ್ಪಳದ ಹಂಗ ಅದ. ಇ2140, ಇ2160, ಇ2180 ಅಂತ ಮೂರ ಹೆಸರಿನ್ಯಾಗ ಮಾರಿದ್ದು ಒಂದ ಹಿಟ್ಟಿನ ಮಾಲು. ಒಂದಕ್ಕ 8 ಪೆಟ್ಟು, ಒಂದಕ್ಕ 9, ಒಂದಕ್ಕ 10 ಅಂತ ಚೀಟಿ ಹಚ್ಯಾರ, ರೇಟು ಬ್ಯಾರೆ ಬ್ಯಾರೆ ಇಟ್ಟಾರ. ಎಂಥಾ ಸೆಖಿ ಊರಾಗ, ಎಂಥಾ ಧೂಳಿನ ಮನ್ಯಾಗ ಇಟ್ರೂ ಸುರಳೀತ ನಡೀಲಿ ಅಂತ ಸ್ವಲ್ಪ ಕೈ ಹಿಡದ ಬರದಿರ್ತಾರ. ಆ ಕೈ ಹಿಡದದ್ದನ್ನ ನಾವು ಬಳಸ್ಕೋಳೋದು. 1998ರಾಗ ಸೆಲೆರಾನ್ 300ಎ ಅನ್ನೋ ಅಗ್ಗದ ಪ್ರೊಸೆಸರು 300 ಮೆಗಾಹರ್ಟ್ಸಿನ ಚೀಟಿ ಹಚ್ಚಿಕೊಂಡು ಬಂದು 450ಕ್ಕ ಓಡ್ತಿತ್ತಂತ, ಆ ಹುಚ್ಚಿನ ಮಂದಿಯೊಳಗ ಅದು ಇನ್ನೂ ಮನೆಮಾತು.

ನಾ ಹಾಕಿದ ಕರಾರು ಒಂದ. ಟೇಪಿನಿಂದ ತುಂಬಿಸಿದ ಮೂಲ ಫೈಲೆಲ್ಲಾ ಮೊದಲ ಎರಡ ಕಡೆ ನಕಲ ಆಗಬೇಕು, ಒಂದ ಪೆನ್ ಡ್ರೈವಿನ್ಯಾಗ, ಒಂದ ಬ್ಯಾರೆ ಹಾರ್ಡ್ ಡಿಸ್ಕಿನ್ಯಾಗ. ಅದಾದ ಮ್ಯಾಲ ಏನರ ಬಿಚ್ಚರಿ ಅಂದೆ. ಅದಕ್ಕ ಒಂದ ದಿವಸ ಪೂರಾ ಹೋತು.

ಡಬ್ಬಿ ತೆಗದ್ರ ಒಳಗ ಏನ ಹೇಳ್ಲಿ! ದೇವರ ಮನಿ ಬಾಜೂಕ ಇಟ್ಟ ಫಲಾ, ಊದಿನಕಡ್ಡಿ ಮಸಿ, ಧೂಳು, ಹತ್ತಿ ಎಳಿ ಎಲ್ಲಾ ಸೇರಿ ಫ್ಯಾನಿನ ಕೆಳಗ ಒಂದ ಕಂಬಳಿ ಆಗಿತ್ತು. ಬಣ್ಣದ ಬ್ರಶ್ ತೊಗೊಂಡು, ಫ್ಯಾನಿನ ರೆಕ್ಕಿ ತಿರಗಧಂಗ ಬೆರಳಲೆ ಹಿಡದು ಝಾಡಿಸಿದ್ವಿ. ಪ್ರೊಸೆಸರಿನ ಮ್ಯಾಲ ಕೂತ ಅಲ್ಯುಮಿನಿಯಂ ಗಟ್ಟಿಗೆ ನಾಲ್ಕ ಮೂಲ್ಯಾಗ ಪ್ಲಾಸ್ಟಿಕ್ ಗೂಟ ಇರತಾವ, ತಿರುವಿ ಮ್ಯಾಲ ಜಗ್ಗಬೇಕು. ಅದರ ಬುಡಕ್ಕಿದ್ದ ಪೇಸ್ಟು ಒಣಗಿ ಸುಣ್ಣ ಆಗಿತ್ತು. ಸ್ಪಿರಿಟ್ ಹಚ್ಚಿ ಒರಸಿ, ಹೊಸಾ ಪೇಸ್ಟು ಕಡ್ಲಿ ಬ್ಯಾಳಿ ಅಷ್ಟ ನಟ್ಟ ನಡುವ ಇಟ್ಟು ಮತ್ತ ಕೂಡಿಸಿದ್ಲು. ಜಾಸ್ತಿ ಹಚ್ಚಿದ್ರ ಛೊಲೋ ಅಂತ ತಿಳೀಬ್ಯಾಡ್ರಿ, ಅದು ಎರಡರ ನಡುವಿನ ಸಣ್ಣ ಸಂದಿ ತುಂಬಲಿಕ್ಕೆ ಅಷ್ಟ. ಇಷ್ಟಕ್ಕೇ, ಭಾರ ಬಿದ್ದಾಗ 78 ಡಿಗ್ರಿ ಏರ್ತಿದ್ದ ಕಾವು 56ಕ್ಕ ಇಳೀತು. ಓವರ್‌ಕ್ಲಾಕ್ ಮಾಡ್ರಿ ಬಿಡ್ರಿ, ಹಳೇ ಕಂಪ್ಯೂಟರ್ ಇದ್ದವರು ಇದೊಂದ ಮಾಡ್ರಿ.

ಆಮ್ಯಾಲ ಚಾಲೂ ಮಾಡೂ ಮುಂದ ಡಿಲೀಟ್ ಗುಂಡಿ ಒತ್ತಿ ಬಯೋಸ್ ಅನ್ನೋ ನೀಲಿ ಪರದೆದಾಗ ಹೋದ್ವಿ. ತಾಳ ಒಂದ ಏರಿಸಿದ್ರ ರ‍್ಯಾಮಿಂದೂ ಅದರ ಜೋಡಿ ಏರ್ತದ, ಹಿಂಗಾಗಿ ರ‍್ಯಾಮಿನ ಪಾಲು ಮೊದಲ ಕೆಳಗ ಇಳಿಸಿದ್ಲು. ವೋಲ್ಟೇಜ್ ಮುಟ್ಟಲಿಲ್ಲ. ತಾಳ ಏರಿಸಿದ್ರ ಕಾವು ಅಷ್ಟಕ್ಕಷ್ಟ ಏರ್ತದ, ವೋಲ್ಟೇಜ್ ಏರಿಸಿದ್ರ ಅದರ ವರ್ಗದ ಲೆಕ್ಕದಾಗ ಏರ್ತದ. ನೂರಕ್ಕ 10 ಏರಿಸಿದ್ರ ಕಾವು 21ರಷ್ಟ. ನಮ್ಮ ಸಣ್ಣ ಫ್ಯಾನಿಗೆ ಅದು ಆಗೋ ಮಾತಲ್ಲ.

20ರಿಂದ 22, 24, ಹಂಗ ಒಂದೊಂದ ಮೆಟ್ಲ ಹತ್ತಿದ್ವಿ. 26.6ಕ್ಕ ಪರೀಕ್ಷಾ ಹಚ್ಚಿ ರಾತ್ರಿ ಬಿಟ್ವಿ. ಉತ್ತರ ಮೊದಲ ಗೊತ್ತಿರೋ ದೊಡ್ಡ ದೊಡ್ಡ ಲೆಕ್ಕ ಕೊಟ್ಟು ಸರಿ ಮಾಡ್ತದೋ ಇಲ್ಲೋ ನೋಡೋ ಪ್ರೋಗ್ರಾಮ್ ಅದ, ಪ್ರೈಮ್95 ಅಂತ. ಮುಂಜಾನೆ ತನಕಾ ಒಂದೂ ತಪ್ಪಿಲ್ಲ, ಕಾವು 61. ನಾ ಸಾಕು ಅಂದೆ. ಅಕಿ ವಯಸ್ಸಿನ ಹುಡುಗಿ, ಬಿಡಬೇಕಲ್ಲಾ, 30ಕ್ಕ ಏರಿಸಿದ್ಲು. ವಿಂಡೋಸ್ ಛೊಲೋ ತೆರೀತು, ಹಾಡೂ ಹತ್ತಿತು, ಎಲ್ಲಾ ಸರಿ ಅದ ಅನಸ್ತು. ಆದರ ಆ ಪ್ರೋಗ್ರಾಮು 20 ನಿಮಿಷಕ್ಕ ಲೆಕ್ಕ ತಪ್ಪೇದ ಅಂತ ನಿಂತುಬಿಡ್ತು. 32ಕ್ಕ ಪರದೆ ಮ್ಯಾಲ ಬೆಳಕ ಬರಲಿಲ್ಲ. ಮದರ್‌ಬೋರ್ಡಿನ ಮ್ಯಾಲಿನ ಸಣ್ಣ ಜಂಪರ್ ಸರಿಸಿ ಎಲ್ಲಾ ಮೊದಲಿನಂಗ ಮಾಡಿದ್ಲು.

ನನಗ ಹೆದರಿಕಿ ಬಂದದ್ದು ಆ 32ಕ್ಕಲ್ಲ, 30ಕ್ಕ. ಪೂರಾ ಬಂದ್ ಬಿದ್ರ ಗೊತ್ತರ ಆಗ್ತದ. ಎಲ್ಲಾ ಸರಿ ಇದ್ದಂಗ ತೋರಿಸಿ ಒಳಗ ಒಂದ ಲೆಕ್ಕ ತಪ್ಪಿದ್ರ? ಹಾಡಿನ ನಡಕ ಒಂದ ಕ್ಷಣ ಚಟ್ ಅಂದು ನುಡಿ ಹೋದ್ರ, ಫೈಲು ಕೆಟ್ಟರ, ಇನ್ನೈದ ವರ್ಷಕ್ಕ ಅದನ್ನ ಕೇಳಿ "ಇಲ್ಲೆ ತಪ್ಪೇದ" ಅನ್ನಲಿಕ್ಕೆ ಯಾರ ಇರತಾರ?

26.6ಕ್ಕ ಇಳಿಸಿ ಕೆಲಸಾ ಮಾಡಿದ್ರ 11 ನಿಮಿಷದ್ದು ಎಂಟೂಕಾಲಕ್ಕ ಬಂತು. ಖುಷಿ ಆತು, ಆದರ ಸಾಲಲಿಲ್ಲ.

ಇದನ್ನ ಕೇಳಿ ಮಗ ಪುಣೇದಿಂದ "ನಾಲ್ಕ ಕೋರಿಂದ ಹಾಕ್ರಿ" ಅಂದ. ಹುಡುಗಿ ಟಾಸ್ಕ್ ಮ್ಯಾನೇಜರ್ ತಗದು ತೋರಿಸಿದ್ಲು. ಸಪ್ಪಳ ತೆಗಿಯೂ ಮುಂದ ಕಂಪ್ಯೂಟರಿನ ಕೆಲಸಾ ನೂರಕ್ಕ 50ರ ಮ್ಯಾಲ ಹೋಗ್ತಿದ್ದಿಲ್ಲ. ಅಂದ್ರ ಎರಡ ಕೋರಿನ್ಯಾಗ ಒಂದ ದುಡೀತಿತ್ತು, ಇನ್ನೊಂದ ನೋಡ್ಕೋತ ಕೂತಿತ್ತು. ಲಟ್ಟಣಗಿ ಒಂದ ಇದ್ದಾಗ ಹೋಳಿಗಿ ಮಾಡ್ಲಿಕ್ಕೆ ನಾಲ್ಕ ಮಂದಿ ನಿಂತ್ರ ಏನ ಬಂತು? ನಮಗ ಬೇಕಾದದ್ದು ಜೋರ ಓಡೋ ಒಂದ ಕೈ.

ಮದರ್‌ಬೋರ್ಡ್ ಕಂಪನಿಯ ಪಟ್ಟಿದಾಗ ಯಾವ ಯಾವ ಪ್ರೊಸೆಸರ್ ನಡೀತಾವ ಅಂತ ನೋಡಿ, ಕೋರ್ 2 ಡ್ಯುಯೊ ಇ8400 ಆರಿಸಿದ್ವಿ. 2008ರ ಮಾಲು, 3 ಗಿಗಾಹರ್ಟ್ಸ್, ಒಳಗಿನ ಕ್ಯಾಶ್ 6 ಎಂಬಿ. ನಮ್ಮದರಾಗ 1 ಎಂಬಿ ಅಷ್ಟ ಇತ್ತು. ಕ್ಯಾಶ್ ಅಂದ್ರ ಒಲಿ ಬಾಜೂಕಿನ ಒಗ್ಗರಣಿ ಡಬ್ಬಿ ಅನ್ರಿ, ದೊಡ್ಡದಿದ್ರ ಘಳಿಗ್ಗೊಮ್ಮೆ ಅಟ್ಟದ ತನಕಾ ಓಡೋದು ತಪ್ಪತದ. ಹುಬ್ಬಳ್ಳಿಯ ರಿಪೇರಿ ಅಂಗಡಿದಾಗ ಹಳೇದ 450 ರೂಪಾಯಿಗೆ ಸಿಕ್ತು. ಒಂದ ಕಾಲಕ್ಕ ನಮ್ಮ ಇಡೀ ತಿಂಗಳ ರೇಶನ್ನಿನಕಿಂತಾ ತುಟ್ಟಿ ಇದ್ದದ್ದು!

ಹಾಕೋದ ಐದ ನಿಮಿಷದ ಕೆಲಸಾ, ಆದರ ಉಸರ ಬಿಗಿ ಹಿಡೀಬೇಕು. ಈ ಜಾತಿಯ ಬೋರ್ಡಿನ್ಯಾಗ 775 ಸೂಜಿ ಬೋರ್ಡಿಗೇ ಇರತಾವ, ಪ್ರೊಸೆಸರಿನ ತಳ ನುಣ್ಣಗ ಇರತದ. ಒಂದ ಸೂಜಿ ಮಣದ್ರ ಬೋರ್ಡ್ ಹೋದಂಗ. ಅಂಚಿನ ಎರಡ ಕಚ್ಚು ಕೂಡಿಸಿ, ಒತ್ತದ ಹಂಗ ಇಟ್ಟು, ಕಬ್ಬಿಣದ ಸಳಿ ಕೆಳಗ ಹಾಕಬೇಕು. ಸಳಿ ಹಾಕೂ ಮುಂದ ಕರ್ರ್ ಅಂತದ. ನಮ್ಮ ಮನಿಯವರು ಅಷ್ಟಕ್ಕ ಎದ್ದು ಹೊರಗ ಹೋದ್ರು. ಚಾಲೂ ಮಾಡಿದ್ರ ಮೊದಲನೇ ಪರದೆದಾಗ 3.00 ಅಂತ ಬಂತು. ಅದ 45 ನಿಮಿಷದ ಮಗ್ಗಲು ಈಗ 6 ನಿಮಿಷ.

ಹುಡುಗಿ ಇದನ್ನೂ ಏರಿಸಿ 3.24 ಮಾಡಿ ನೋಡಿದ್ಲು. ರಾತ್ರಿ ಪೂರಾ ಪರೀಕ್ಷಾ ಪಾಸಾತು, ಉಳದದ್ದು ಬರೇ ಅರ್ಧ ನಿಮಿಷ. ಅಷ್ಟರಾಗ ಯುಗಾದಿ ಬಂತು, ಖೋಲಿದಾಗ ಸೆಖಿ ಏರ್ಲಿಕತ್ತಿತ್ತು. ಅರ್ಧ ನಿಮಿಷದ ಆಶಾಕ್ಕ ಬ್ಯಾಡವಾ ಅಂತ ನಾನ 3ಕ್ಕ ಇಳಿಸಿದೆ. ಅಕಿ ಮಾರಿ ಸಣ್ಣ ಮಾಡಿದ್ಲು. ಹಳೇ ಇ2160 ಅಕಿಗೇ ಕೊಟ್ಟೆ, ಹಾಸ್ಟೆಲಿನ್ಯಾಗ ಇನ್ನೊಂದ ಹಳೇ ಬೋರ್ಡಿಗೆ ಹಾಕಿ ಮನಸ್ವೀ ಏರಸ್ಲಿಕತ್ತಾಳಂತ.

ಒಂದ ಮಾತು, ಬರೇ ವಿಡಿಯೊ ಕಾಲ್, ಕರೆಂಟ್ ಬಿಲ್ ತುಂಬೋದು ಇಷ್ಟಕ್ಕ ಕಂಪ್ಯೂಟರ್ ಇಟ್ಟವರು ಇದಕ್ಕ ಕೈ ಹಾಕಬ್ಯಾಡ್ರಿ. ನಮ್ಮದರಾಗ ವಿಂಡೋಸ್ 7 ಅದ, ಅದಕ್ಕ 2020ರ ಜನವರಿಯಿಂದ ಸುರಕ್ಷಾ ಅಪ್‌ಡೇಟ್ ಬರಂಗಿಲ್ಲ. ಹಿಂಗಾಗಿ ಇಂಟರ್ನೆಟ್ ವಾಯರು ಕಿತ್ತು ಇಟ್ಟೇನಿ. ಅದು ಈಗ ಹಾಡಿನ ಪೆಟಿಗಿ ಅಷ್ಟ.

ಈಗ ಅತ್ತಿಯವರ ಒಂದ ತಾಸಿನ್ಯಾಗ ಒಂದ ಮಗ್ಗಲು ಮೂರ ಸಲ ಬದಲ ಮಾಡಿ ಕೇಳಸ್ಲಿಕ್ಕೆ ಆಗ್ತದ. ಹೋದ ಮಂಗಳವಾರ ಒಂದ ಉರುಟಣಿ ಹಾಡಿಗೆ ಸಪ್ಪಳ ಭಾಳ ಕಡಿಮಿ ತೆಗದು ಕೇಳಿಸಿದೆ. ಕುಕ್ಕರ್ ಸೀಟಿ ಹಂಗ ಇತ್ತು. ಅತ್ತಿಯವರು ಕಣ್ಣ ಮುಚ್ಚಿಕೊಂಡು ಪೂರಾ ಕೇಳಿ, "ಹಾಂ, ಇದು ಅಕ್ಕನ. ಆ ಸೀಟಿ ಇರ್ಲಿ ಬಿಡು, ಅವತ್ತ ಅನ್ನ ಸೀದಿತ್ತು" ಅಂದ್ರು. ಆಮ್ಯಾಲ ಟೇಪಿನ್ಯಾಗ ಇಲ್ಲದ ಇನ್ನೆರಡ ನುಡಿ ತಾವ ಹೇಳಿದ್ರು, ನಾ ಬರಕೊಂಡೆ.

7 ಕ್ಯಾಸೆಟ್ಟಿನ್ಯಾಗ 5 ಮುಗದಾವ. ಆರನೇದರ ಫೀತ ಅಂಟಿಕೊಂಡು ಬಿಟ್ಟದ, ಅದು ಬೀಗರ ಹಾಡಿಂದು. ಆವಾಗ ನಾಲ್ಕ ಪ್ರತಿ ಮಾಡಿ ಬೆಳಗಾವಿ, ಗದಗ ಕಡೆ ಮಂದಿಗೆ ಹಂಚಿದ್ದು ಅತ್ತಿಯವರಿಗೆ ನೆನಪದ. ನಿಮ್ಮ ಮನಿ ಅಟ್ಟದ ಮ್ಯಾಲ, ಟ್ರಂಕಿನ್ಯಾಗ ಒಂದ ಸಲ ಹುಡುಕಿ ನೋಡ್ರಿ. ಸಿಕ್ರ ನಿಮ್ಮ ಟೇಪ್ ರೆಕಾರ್ಡರಿನ್ಯಾಗ ಹಾಕಿ ನೋಡ್ಲಿಕ್ಕೆ ಹೋಗಬ್ಯಾಡ್ರಿ, ಫೀತ ಹರೀತದ. ಹಂಗ ತೊಗೊಂಡ ಬರ್ರಿ, ಮುಂಜಾನೆ 10ರ ಒಳಗ ಬಂದ್ರ ಭಾಳ ಛೊಲೋ.