ಬೋನಾಳದಿಂದ ಕಾಣುವ ನುಂಗಿದ ಗುರುತು

ಯುಗಾದಿ ಅಮಾವಾಸ್ಯೆಯ ರಾತ್ರಿ, ಗಂಟೆ ಒಂದೂವರೆ. ಬೋನಾಳ ಕೆರೆಯ ಏರಿಯ ಮೇಲೆ ನಿಂತಿದ್ದೀರಿ. ಹಗಲಿನ ಕಾವು ಕಲ್ಲಿನಿಂದ ಇನ್ನೂ ಇಳಿದಿಲ್ಲ. ಚಳಿಗಾಲದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆಗೆ ಹೊರಟುಹೋಗಿವೆ. ಜೊಂಡಿನಲ್ಲಿ ನೀರುಕೋಳಿಗಳ ಸದ್ದಷ್ಟೇ.

ದಕ್ಷಿಣಕ್ಕೆ ತಿರುಗಿ. ಎತ್ತರದಲ್ಲಿ ಬೆಳ್ಳಗಿರುವುದು ಚಿತ್ತಾ ನಕ್ಷತ್ರ. ಅಲ್ಲಿಂದ ನೇರ ಕೆಳಗೆ, ದಿಗಂತದ ದಾರಿಯಲ್ಲಿ ಅರ್ಧಕ್ಕಿಂತ ತುಸು ಆಚೆ, ಮಸುಕಾದ ಒಂದು ಚುಕ್ಕೆ. ಆರಿಂಚಿನ ಟೆಲಿಸ್ಕೋಪನ್ನು ಅದರತ್ತ ಹಿಡಿಯುತ್ತೀರಿ.

“ಏನ್ ನೋಡ್ಲಕತ್ತೀರಿ ಸರ?” ಥ್ರೀ ಫೇಸ್ ಕರೆಂಟು ಬಂದಿದೆಯೆಂದು ಮೋಟರು ಹಾಕಲು ಬಂದ ರೈತರೊಬ್ಬರು. ಸರಿದು ಜಾಗ ಬಿಡುತ್ತೀರಿ. ಅವರು ಬಗ್ಗಿದವರು ಏಳುವುದೇ ಇಲ್ಲ. “ಬಿಳಿಜೋಳ ಚೆಲ್ಲಿದಂಗ ಅದ ನೋಡ್ರಿ!”

ಅದು ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ. ದೂರ ಸುಮಾರು 17,000 ಜ್ಯೋತಿರ್ವರ್ಷ, ನಕ್ಷತ್ರಗಳು ಒಂದು ಕೋಟಿಯಷ್ಟು. ಇಂಥ ಗುಚ್ಛಗಳ ನಕ್ಷತ್ರಗಳು ಸಾಮಾನ್ಯವಾಗಿ ಒಂದೇ ಕಾಲದಲ್ಲಿ ಹುಟ್ಟಿದವು. ಇಲ್ಲಿ ಹಾಗಿಲ್ಲ, ವಯಸ್ಸೂ ಬೇರೆ, ಒಳಗಿನ ಕಬ್ಬಿಣದ ಪ್ರಮಾಣವೂ ಬೇರೆ. ಆದ್ದರಿಂದಲೇ ಇದು ನಮ್ಮ ಆಕಾಶಗಂಗೆ ನುಂಗಿದ ಸಣ್ಣ ಗೆಲಾಕ್ಸಿಯೊಂದರ ತಿರುಳು ಎಂದು ಅನೇಕ ಖಗೋಳಜ್ಞರು ನಂಬುತ್ತಾರೆ. 2018ರಲ್ಲಿ ಗಯಾ ಉಪಗ್ರಹದ ಅಳತೆಗಳು ಸುಮಾರು 1,000 ಕೋಟಿ ವರ್ಷಗಳ ಹಿಂದೆ ಆಕಾಶಗಂಗೆಗೆ ಇನ್ನೊಂದು ಗೆಲಾಕ್ಸಿ ಹೊಡೆದ ದೊಡ್ಡ ಡಿಕ್ಕಿಯೊಂದನ್ನು ಬಯಲು ಮಾಡಿದವು. ಹಾಗೆ ಬಂದು ಸೇರಿದ ನಕ್ಷತ್ರಗಳು ಸೂರ್ಯನಂತೆ ದುಂಡಗೆ ಸುತ್ತುವುದಿಲ್ಲ. ಕೇಂದ್ರದತ್ತ ಧುಮುಕಿ ಮತ್ತೆ ದೂರ ಸಾಗುತ್ತವೆ.

ಎಳೆಯ ವಿಶ್ವದಲ್ಲಿ ಗೆಲಾಕ್ಸಿಗಳು ಚಿಕ್ಕವು, ನಡುವಿನ ಅಂತರವೂ ಕಡಿಮೆ. ಹೊರಗಿನಿಂದ ಹರಿದುಬಂದ ಅನಿಲ, ಜೊತೆಗೆ ಈ ವಿಲೀನ, ಎರಡರಿಂದಲೂ ಅವು ಬೆಳೆದವು. ಡಿಕ್ಕಿಯಲ್ಲಿ ಅನಿಲ ಒತ್ತಡಕ್ಕೆ ಸಿಕ್ಕಿ, ನಕ್ಷತ್ರಗಳು ಒಮ್ಮೆಗೇ ಹುಟ್ಟಿದವು. ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪು 2024ರಲ್ಲಿ ತೋರಿಸಿದ ‘ಫೈರ್‌ಫ್ಲೈ ಸ್ಪಾರ್ಕಲ್’ ಗೆಲಾಕ್ಸಿ ವಿಶ್ವಕ್ಕೆ 60 ಕೋಟಿ ವರ್ಷವಾಗಿದ್ದಾಗಿನದು: ಹತ್ತು ನಕ್ಷತ್ರಗುಚ್ಛ, ಪಕ್ಕದಲ್ಲೇ ಎರಡು ಪುಟ್ಟ ಗೆಲಾಕ್ಸಿ. ನಮ್ಮ ಆಕಾಶಗಂಗೆಯೂ ಬಾಲ್ಯದಲ್ಲಿ ಹೀಗೇ ಇದ್ದಿರಬೇಕು.

“ನಮ್ಮ ಸೂರ್ಯನೂ ಹಂಗ ಹೊರಗಿಂದ ಬಂದದ್ದೇನ್ರಿ?”

ಇಲ್ಲ, ಸೂರ್ಯ ಇಲ್ಲೇ ಹುಟ್ಟಿದವನು, ಸುಮಾರು 460 ಕೋಟಿ ವರ್ಷದ ಹಿಂದೆ. ಆದರೆ ನುಂಗುವುದು ನಿಂತಿಲ್ಲ. ಆಗ್ನೇಯದಲ್ಲಿ ಈಗ ಏಳುತ್ತಿರುವ ಧನು ರಾಶಿಯ ಆಚೆ, 1994ರಲ್ಲಿ ಗುರುತಿಸಿದ ಕುಬ್ಜ ಗೆಲಾಕ್ಸಿಯೊಂದು ಇಂದಿಗೂ ಚೂರಾಗುತ್ತಿದೆ. ಅದರ ನಡುವಿನಲ್ಲಿರುವ ಎಂ 54 ಗುಚ್ಛ ಇದೇ ಟೆಲಿಸ್ಕೋಪಿಗೆ ಸಿಗುತ್ತದೆ, ಮೂರೂವರೆಯವರೆಗೆ ಕಾಯಬೇಕು.

“ಕರೆಂಟ್ ಐದರ ತನ ಇರ್ತದ. ನೋಡಿಕ್ಯಾಸೇ ಹೋಗಮು ತಗೋರಿ” ಎನ್ನುತ್ತಾರೆ ಅವರು.