ಹಾಲಿನ ಚೀಲ

ನಾನು ಮೊದಲ ಸಲ ಓಡಲು ಹೋದಾಗ ಕೈಯಲ್ಲಿ ಹಾಲಿನ ಚೀಲವಿತ್ತು. ಹಾಲು ತರುವ ಉದ್ದೇಶವೇನೂ ಇರಲಿಲ್ಲ. ಯಾರಾದರೂ ಎದುರಾದರೆ "ಹಾಲಿಗೆ ಹೊರಟೆ" ಎನ್ನಲು ಒಂದು ನೆಪ ಬೇಕಿತ್ತು, ಅಷ್ಟೆ. ಆಗ ನನಗೆ 71 ವರ್ಷ, ತೂಕ 92 ಕಿಲೋ, ಎತ್ತರ ಐದಡಿ ಐದು ಅಂಗುಲ. ಇಂಥ ಮನುಷ್ಯ ಬೆಳಗಿನ ಜಾವ ಐದು ಗಂಟೆಗೆ ಸರಸ್ವತಿಪುರಂನ ರಸ್ತೆಯಲ್ಲಿ ಓಡುತ್ತಿದ್ದರೆ ನೋಡಿದವರು ಏನೆಂದುಕೊಂಡಾರು? ಮನೆಯಲ್ಲಿ ಯಾರಿಗೋ ಜೋರು ಕಾಯಿಲೆ, ಪಾಪ, ಆಟೋ ಹುಡುಕುತ್ತಿದ್ದಾರೆ ಎಂದೇ ತಾನೆ?

ಇದಕ್ಕೆಲ್ಲ ಕಾರಣ ಆಗ ಐದನೇ ತರಗತಿಯಲ್ಲಿದ್ದ ನನ್ನ ಮೊಮ್ಮಗ. ಶಾಲೆಯ ಕ್ರೀಡಾದಿನದ ಬೆಳಿಗ್ಗೆ ಅವನಿಗೆ ಹೊಟ್ಟೆನೋವು ಬಂತು. ಅವನಮ್ಮ ನಂಬಿ ಓಂಕಾಳು ಹುಡುಕತೊಡಗಿದಳು. ನಾನು ಹತ್ತಿರ ಕೂತು, "ನೋವು ಎಡಗಡೆಯೋ ಬಲಗಡೆಯೋ?" ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಮೆಲ್ಲಗೆ ಕೇಳಿದ: "ಯಾವ ಕಡೆ ನೋಯಬೇಕು ತಾತ?"

ನನಗೆ ನಗು ಬಂತು, ಆದರೆ ನಗಲಾಗಲಿಲ್ಲ. ಯಾಕೆಂದರೆ ಮುಂದಿನ ಮಾತು, "ಓಡಿದರೆ ಎಲ್ಲರೂ ನಗ್ತಾರೆ" ಎಂಬುದು. ಹುಡುಗ ನನ್ನ ಹಾಗೆಯೇ ದುಂಡಗಿದ್ದಾನೆ.

ನಾನು ಓದಿದ್ದು ಮಂಡ್ಯದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ. ಅಲ್ಲಿ ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದ ಕಡೆಯೆಲ್ಲ ನಾನು 'ಡ್ರಮ್ಮು'. ಒಂದು ಆಗಸ್ಟ್ 15ರಂದು ಓಟದಲ್ಲಿ ನಿಲ್ಲಿಸಿದರು. ಅರ್ಧ ದಾರಿಯಲ್ಲಿ ಚಡ್ಡಿಯ ಗುಂಡಿ ಕಿತ್ತುಹೋಯಿತು. ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು ಓಡಿದೆ. ಊರೇ ನಕ್ಕಿತು. ಮರುವರ್ಷ ಡ್ರಿಲ್ ಮಾಸ್ತರರು ಕರುಣೆಯಿಂದಲೋ ಏನೋ, ಓಡುವವರ ಅಂಗಿ ಚಪ್ಪಲಿ ಕಾಯುವ ಕೆಲಸ ಕೊಟ್ಟರು. ಆ ಕೆಲಸ ನನಗೆ ಒಗ್ಗಿತು. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ಮಾಡಿದ್ದೂ ಒಂದು ಲೆಕ್ಕದಲ್ಲಿ ಅದನ್ನೇ, ಬೇರೆಯವರ ವಸ್ತು ಕಾಯುವುದು.

ಹೀಗಿರುವಾಗ "ನಕ್ಕರೆ ನಗಲಿ ಬಿಡು ಪುಟ್ಟ" ಎಂದು ಯಾವ ಬಾಯಲ್ಲಿ ಹೇಳಲಿ? ಅರವತ್ತು ವರ್ಷ ಆ ನಗುವಿಗೆ ಹೆದರಿಕೊಂಡು ಕೂತವನು ನಾನೇ. ಅಂದು ಅವನು ಶಾಲೆಗೆ ಹೋಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ನನ್ನ ವಯಸ್ಸಿನವರು ಈ ಭಾಗವನ್ನು ಬಿಟ್ಟು ಮುಂದೆ ಓದಬಾರದು: ಮೊದಲು ನಾನು ಹೋದದ್ದು ಡಾಕ್ಟರ ಹತ್ತಿರ. ರಕ್ತದೊತ್ತಡ, ಸಕ್ಕರೆ, ಇ.ಸಿ.ಜಿ. ಎಲ್ಲ ನೋಡಿ ಅವರು, "ಒಂದು ತಿಂಗಳು ದಿನಾ ಅರ್ಧ ಗಂಟೆ ಬರೀ ನಡೆಯಿರಿ, ಆಮೇಲೆ ಬನ್ನಿ" ಎಂದರು. ತಿಂಗಳಾದ ಮೇಲೆ, "ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ವಾರಕ್ಕೆ ಮೂರೇ ದಿನ. ಓಡುವಾಗ ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಆಗಲಿಲ್ಲ ಅಂದ್ರೆ ವೇಗ ಜಾಸ್ತಿ ಅಂತ. ಎದೆ ಹಿಡಿದ ಹಾಗಾದ್ರೆ, ತಲೆ ಸುತ್ತಿದ್ರೆ ತಕ್ಷಣ ನಿಲ್ಲಿಸಿ ನನ್ನ ಹತ್ರ ಬರಬೇಕು" ಎಂದರು.

ಕತ್ತಲೆಯಲ್ಲಿ ಕನ್ನಡಕವಿಲ್ಲದೆ ಗಡಿಯಾರ ಕಾಣುವುದಿಲ್ಲ. ಹಾಗಾಗಿ ನಿಮಿಷದ ಬದಲು ಲೈಟುಕಂಬ ಹಿಡಿದೆ. ಒಂದು ಕಂಬದಿಂದ ಇನ್ನೊಂದಕ್ಕೆ ಓಟ, ಮುಂದಿನ ಎರಡು ಕಂಬ ನಡಿಗೆ. ಮೊದಲ ದಿನ ಮೂರು ಓಟಕ್ಕೆ ಉಸಿರು ಮೇಲೆ ಕೆಳಗಾಯಿತು. ನಾನು ನಿಂತ ಮೇಲೂ ಹೊಟ್ಟೆ ಇನ್ನೊಂದು ಕ್ಷಣ ಓಡುತ್ತಿತ್ತು. ಬೀದಿನಾಯಿಗಳಿಗೆ ಮಾತ್ರ ನಾನು ನಿಜವಾಗಿ ಓಡುತ್ತಿದ್ದೇನೆ ಎಂದು ನಂಬಿಕೆ ಬಂದಿತ್ತು.

ನಾಲ್ಕನೇ ದಿನ ಎದುರು ಮನೆಯ ನಿವೃತ್ತ ಮೇಷ್ಟ್ರು ಸಿಕ್ಕಿಬಿಟ್ಟರು. "ಹಾಲಿಗಾ? ಬೂತು ಆ ಕಡೆ ಅಲ್ವಾ ಇರೋದು?" ಎಂದು ಜೊತೆಯಲ್ಲೇ ಬಂದರು. ವಿಧಿಯಿಲ್ಲದೆ ಒಂದು ಲೀಟರ್ ಕೊಂಡೆ. ಆ ವಾರ ಮೂರು ಸಲ ಹೀಗಾಯಿತು. ಮನೆಯಲ್ಲಿ ಮೊಸರು, ಪಾಯಸ, ಮತ್ತೆ ಮೊಸರು. ನನ್ನಾಕೆ ಕೊನೆಗೆ, "ಏನ್ರೀ, ಓಡೋದಾದ್ರೆ ಓಡಿ. ಹಾಲಿನ ದುಡ್ಡಿಗೆ ಒಂದು ಜೊತೆ ಬೂಟಾದ್ರೂ ಬರ್ತಿತ್ತು" ಎಂದಳು. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ.

ಬೂಟಿನ ಮಾತು ಸಣ್ಣದಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ನನ್ನ ಲೆಕ್ಕಕ್ಕೆ ಅದು ಹೆಚ್ಚುಕಡಿಮೆ ಎರಡು ಕ್ವಿಂಟಾಲ್, ಅದೂ ಒಂದೇ ಕಾಲಿನ ಮೇಲೆ. ಹಳೆಯ ಕ್ಯಾನ್ವಾಸ್ ಬೂಟಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಓಟದ ಬೂಟನ್ನು ಸಂಜೆ ಹೊತ್ತು ಹೋಗಿ ಕೊಳ್ಳಿ. ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ದಪ್ಪಗಿರುವವರಿಗೆ ಇನ್ನೊಂದು ಗುಟ್ಟು. ತೊಡೆ ತೊಡೆ ಉಜ್ಜಿ ಉರಿಯುತ್ತದೆ, ಹೊರಡುವ ಮೊದಲು ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು. ಮಕ್ಕಳೇ, ನಗಬೇಡಿ. ಅಥವಾ ನಕ್ಕುಬಿಡಿ, ಈಗ ಪರವಾಗಿಲ್ಲ.

ಹಳೆಯ ಡೈರಿಯಲ್ಲಿ ಕಂಬಗಳ ಲೆಕ್ಕ ಬರೆಯುತ್ತಿದ್ದೆ. ಎಡಗಡೆ ಓಡಿದ ಕಂಬ, ಬಲಗಡೆ ತಿಂದ ತಿಂಡಿ. ಮೂರು ತಿಂಗಳಿಗೆ ಕಂಬ ಮೂರರಿಂದ ನಲವತ್ತಕ್ಕೆ ಏರಿತು, ತೂಕ ಇಳಿದದ್ದು ಎರಡೇ ಕಿಲೋ. ಒಂದು ಕಿಲೋಮೀಟರ್ ಓಡಿದರೆ ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ. ಮೈಯ ಒಂದು ಕಿಲೋ ಕೊಬ್ಬು ಕರಗಲು ಏಳು ಸಾವಿರಕ್ಕೂ ಹೆಚ್ಚು ಬೇಕು. ನಾನು ಎರಡು ಕಿಲೋಮೀಟರ್ ಓಡಿ ಬಂದು ಒಂದು ಮಸಾಲೆ ದೋಸೆ ತಿಂದರೆ ಆ ದಿನದ ಖಾತೆ ನಷ್ಟದಲ್ಲೇ ಮುಗಿಯುತ್ತಿತ್ತು. ದೋಸೆಯನ್ನು ಭಾನುವಾರಕ್ಕೆ ಮುಂದೂಡಿದೆ. ಪೂರ್ತಿ ಬಿಡುವುದು ನನ್ನಿಂದಾಗದ ಮಾತು.

ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಮೊಮ್ಮಗ ಬಾಗಿಲಲ್ಲಿ ಬೂಟು ಹಾಕಿಕೊಂಡು ನಿಂತಿದ್ದ. ನಾನು ಕರೆದಿರಲಿಲ್ಲ. ಕುಕ್ಕರಹಳ್ಳಿ ಕೆರೆಗೆ ಹೋದೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, ಕುವೆಂಪು ಅವರು ದಿನಾ ವಾಕಿಂಗ್ ಮಾಡುತ್ತಿದ್ದ ದಂಡೆ. ಅಲ್ಲಿ ಕಂಬವಿಲ್ಲ, ಹಾಗಾಗಿ ಕಲ್ಲುಬೆಂಚು ಲೆಕ್ಕ. ನಡೆಯುವ ಪಾಳಿಯಲ್ಲಿ ಅವನಿಗೆ ಫೌಜಾ ಸಿಂಗ್ ಕತೆ ಹೇಳಿದೆ. ಪಂಜಾಬಿನ ಈ ಅಜ್ಜ 89ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದರು. 2011ರಲ್ಲಿ ನೂರರ ವಯಸ್ಸಿನಲ್ಲಿ ಟೊರಾಂಟೊದಲ್ಲಿ 42 ಕಿಲೋಮೀಟರ್ ಮುಗಿಸಿದರು, ಎಂಟು ಗಂಟೆಗೂ ಮಿಕ್ಕಿ ಹಿಡಿಯಿತು. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್‌ನವರು ಮಾತ್ರ ದಾಖಲೆ ಒಪ್ಪಲಿಲ್ಲ. ಕೌಂಟರಿನಲ್ಲಿ ಕೂತು ಎಷ್ಟೋ ಅಜ್ಜಂದಿರನ್ನು ಹುಟ್ಟಿದ ದಿನಾಂಕದ ಕಾಗದ ತನ್ನಿ ಎಂದು ವಾಪಸು ಕಳಿಸಿದವನು ನಾನು. ಅದನ್ನು ಹೇಳುವಾಗ ಸ್ವಲ್ಪ ನಾಚಿಕೆಯಾಯಿತು. ಮೊಮ್ಮಗ ಎಲ್ಲ ಕೇಳಿ, "ಅವರು ಸಣ್ಣಗಿದ್ರಾ ತಾತ?" ಎಂದ. ಹೌದು, ಕಡ್ಡಿಯ ಹಾಗಿದ್ದರು. ಸುಳ್ಳು ಹೇಳಲಿಲ್ಲ.

ಅವನು ಬರತೊಡಗಿ ಎರಡನೇ ವಾರವಿರಬೇಕು. ಎದುರಿನಿಂದ ಬಂದ ಮೂರು ಜನ ಹುಡುಗರಲ್ಲಿ ಒಬ್ಬ, "ಅಂಕಲ್, ನಿಧಾನ, ಏರಿ ಒಡೆದೀತು!" ಎಂದ. ಉಳಿದವರು ಕಿಸಕ್ಕೆಂದು ನಕ್ಕರು. ಅರವತ್ತು ವರ್ಷದ ಹಿಂದಿನ ಚಡ್ಡಿಯ ಗುಂಡಿ ಮತ್ತೆ ಕಿತ್ತುಹೋದ ಹಾಗಾಯಿತು. ಕಾಲು ತಾನಾಗಿಯೇ ನಡಿಗೆಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಮೊಮ್ಮಗ ಆಗಲೇ ನಿಂತುಬಿಟ್ಟಿದ್ದ. ತಲೆ ತಗ್ಗಿಸಿರಲಿಲ್ಲ, ನಾನು ಏನು ಮಾಡುತ್ತೇನೆ ಎಂದು ನನ್ನನ್ನೇ ನೋಡುತ್ತಿದ್ದ. "ಮುಂದಿನ ಬೆಂಚಿನ ತನಕ ಬಾ" ಎಂದೆ. ಮಾತು ಹೊರಟಿತು, ಡಾಕ್ಟರ ಲೆಕ್ಕದಲ್ಲಿ ವೇಗ ಸರಿಯಾಗಿತ್ತು. ಇಬ್ಬರೂ ಓಡಿದೆವು. ಆ ಬೆಂಚು ಅಷ್ಟು ದೂರವಿದೆ ಎಂದು ನನಗೆ ಎಂದೂ ಅನಿಸಿರಲಿಲ್ಲ. ಅಲ್ಲಿ ಕೂತು ನೀರು ಕುಡಿದೆವು. ಕೆರೆಯಲ್ಲಿ ನಾಲ್ಕಾರು ಹೆಜ್ಜಾರ್ಲೆಗಳು ತೇಲುತ್ತಿದ್ದವು. ಇಬ್ಬರೂ ಆ ಹುಡುಗರ ಸುದ್ದಿ ಎತ್ತಲಿಲ್ಲ. ಮನೆಗೆ ಬಂದು ಅವನು ಅಜ್ಜಿಯ ಹತ್ತಿರ, "ತಾತನಿಗೆ ಬೈದ್ರು, ಆದ್ರೂ ತಾತ ನಿಲ್ಲಲಿಲ್ಲ" ಎಂದು ಹೇಳುವುದು ಬಚ್ಚಲುಮನೆಯಲ್ಲಿದ್ದ ನನಗೆ ಕೇಳಿಸಿತು.

ಆ ವರ್ಷದ ಕ್ರೀಡಾದಿನ ಹೊಟ್ಟೆನೋವು ಬರಲಿಲ್ಲ. ಇನ್ನೂರು ಮೀಟರ್ ಓಟ. ಮಣ್ಣಿನ ಮೈದಾನ, ಬರಿಗಾಲಲ್ಲೇ ಓಡುತ್ತೇನೆ ಎಂದು ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಎಂಟು ಜನರಲ್ಲಿ ಎಂಟನೆಯವನಾಗಿ ಬಂದ, ಏಳನೆಯವನಿಗಿಂತ ಬಹಳ ಹಿಂದೆ. ಪಕ್ಕದ ಸಾಲಿನಲ್ಲಿ ಕೆಲವರು ನಕ್ಕರು. ಗೆರೆ ದಾಟಿದವನು ಸೀದಾ ನನ್ನ ಹತ್ತಿರ ಬಂದು ಮಂಡಿಯ ಮೇಲೆ ಕೈಯೂರಿ ಸುಧಾರಿಸಿಕೊಂಡ.

"ಓಡೋವಾಗ ಮಾತಾಡೋಕೆ ಆಗ್ತಿರ್ಲಿಲ್ಲ ತಾತ."

"ಅದು ಪಂದ್ಯ ಕಣೋ, ಅದಕ್ಕೆ ಆ ಲೆಕ್ಕ ಇಲ್ಲ."

"ಬೂಟು?"

ಹಾಲಿನ ಚೀಲದಿಂದ ತೆಗೆದುಕೊಟ್ಟೆ. ಬರುವಾಗ ಅರ್ಧ ಲೀಟರ್ ತರಲು ಅವನಜ್ಜಿ ಹೇಳಿದ್ದಳು.