ಕಥೆಯ ನಾಯಕನೂ ಆಡುವ ಕೈಯೂ

ಕಾದಂಬರಿಯ ನಾಯಕನು ಪಾಪಗೈದರೆ ನಾವು ಮರುಗುತ್ತೇವೆ. ಹೊಣೆ ಮಾತ್ರ ಅವನದೇ. ಕಥೆಯುಳ್ಳ ವಿಡಿಯೋ ಆಟದಲ್ಲಿ ಹಾಗಲ್ಲ. 2013ರ ‘ದಿ ಲಾಸ್ಟ್ ಆಫ್ ಅಸ್’ ಎಂಬ ಆಟದ ಕೊನೆಯಲ್ಲಿ, ಮಹಾವ್ಯಾಧಿಗೆ ಮದ್ದು ಹುಡುಕಲೆಂದು ಎಲ್ಲಿ ಎಂಬ ಬಾಲಿಕೆಯನ್ನು ಬಲಿಗೊಡಲಿದ್ದ ವೈದ್ಯನನ್ನು ಅವಳ ಪೋಷಕನಾದ ಜೋಯೆಲನು ಕೊಲ್ಲುತ್ತಾನೆ. ಆಡುವವನು ಗುಂಡಿಯನ್ನೊತ್ತಿದ ಹೊರತು ಕಥೆ ಮುಂದೆ ಸಾಗದು. ನನ್ನ ಬೆರಳು ಅಳುಕಿತು, ಆದರೂ ಒತ್ತಿತು.

2020ರ ಎರಡನೆಯ ಭಾಗದಲ್ಲಿ ಆ ವೈದ್ಯನ ಮಗಳು ಆಬಿ, ಜೋಯೆಲನನ್ನು ಕೊಂದು ಸೇಡು ತೀರಿಸಿಕೊಳ್ಳುತ್ತಾಳೆ. ಅವಳ ಮೇಲಿನ ಕೋಪ ಆರುವ ಮೊದಲೇ ಆಟವು ಅವಳನ್ನೇ ನಮ್ಮ ಕೈಗೊಪ್ಪಿಸುತ್ತದೆ. ಅವಳು ಅಂಜಿದಾಗ ನಾವೇ ಓಡಿಸಬೇಕು. ಅವಳ ಗಾಯಕ್ಕೆ ನಾವೇ ಪಟ್ಟಿ ಕಟ್ಟಿಸಬೇಕು. ಹೀಗೆ ಕೆಲವು ಗಂಟೆ ಕಾಪಾಡಿದವಳನ್ನು ಮೊದಲಿನಂತೆ ದ್ವೇಷಿಸುವುದು ನನ್ನಿಂದಾಗಲಿಲ್ಲ. ಜೋಯೆಲನ ಸಾವನ್ನು ಕ್ಷಮಿಸಿದೆನೆಂದಲ್ಲ. ಅವಳೂ ತಂದೆಯನ್ನು ಕಳೆದುಕೊಂಡ ಮಗಳೆಂಬುದನ್ನು ಮರೆಯಲಾರದೆ ಹೋದೆನು.